ಮಾರ್ಕನ ಸುವಾರ್ತೆ: ವಾರಕ್ಕೊಂದು ಅಧ್ಯಾಯ ಸಾಕೇ?

ಪ್ರಶ್ನೆ (ಹೊಸನಗರ): ನಮ್ಮದು ಚಿಕ್ಕ ಕ್ರೈಸ್ತ ಸಭೆ. ಜೂನ್‌ನಿಂದ ಬೈಬಲ್‌ನ ಮಾರ್ಕನ ಸುವಾರ್ತೆಯನ್ನು ಮೊದಲಿಂದ ಕಡೆತನಕ ಬೋಧಿಸಬೇಕೆಂದಿದೆ. 16 ಅಧ್ಯಾಯ, 16 ವಾರ ಸರಿಯೇ? ಮಳೆಗಾಲದಲ್ಲಿ ಜನ ವಾರ ತಪ್ಪಿಸುತ್ತಾರೆ.

ಉತ್ತರ (ಶಿವಮೊಗ್ಗ): ಅಧ್ಯಾಯದ ಲೆಕ್ಕ ಹಿಡಿಯಬೇಡಿ. ಈಗಿನ ವಿಭಾಗ 13ನೇ ಶತಮಾನದ್ದು. 9:1 (9ನೇ ಅಧ್ಯಾಯದ 1ನೇ ವಚನ) ನೋಡಿ, 8:34ರಲ್ಲಿ ಶುರುವಾದ ಮಾತು ಮುಗಿಯುವುದೇ ಅಲ್ಲಿ. ಹಾಗೆಯೇ 5:21-43 ಒಂದೇ ವಾರಕ್ಕಿರಲಿ. ಸಾಯುತ್ತಿರುವ ಮಗಳನ್ನು ಉಳಿಸಲೆಂದು ಯಾಯೀರ ಯೇಸುವನ್ನು ಕರೆದೊಯ್ಯುವಾಗ, ದಾರಿಯಲ್ಲಿ ರಕ್ತಸ್ರಾವದ ಹೆಂಗಸೊಬ್ಬಳು ಗುಣವಾಗುತ್ತಾಳೆ. ಯಾಯೀರನ ಮಗಳಿಗೆ 12 ವರ್ಷ, ಆ ಹೆಂಗಸಿನ ರಕ್ತಸ್ರಾವಕ್ಕೂ 12 ವರ್ಷ. ಯೇಸು ಆಕೆಯೊಡನೆ ಮಾತಾಡುತ್ತಿರುವಾಗಲೇ ಹುಡುಗಿ ಸತ್ತ ಸುದ್ದಿ ಬರುತ್ತದೆ. ಎರಡು ವಾರಕ್ಕೆ ಹಂಚಿದರೆ ಆ ತಂದೆ ಕಾದು ನಿಂತ ಸಂಕಟ ಕೇಳುವವರಿಗೆ ತಟ್ಟುವುದೇ ಇಲ್ಲ. ಒಟ್ಟು 30 ವಾರವಾದರೂ ಬೇಕು.

ಉತ್ತರ (ಸಾಗರ): ಜುಲೈ-ಆಗಸ್ಟ್‌ನ ಜಡಿಮಳೆಗೆ ಬೈಬಲ್‌ನದೇ ರೂತಳ ಪುಸ್ತಕ ಒಳ್ಳೆಯದು. 4 ಅಧ್ಯಾಯ, 4 ವಾರ; ಅಲ್ಲಿ ಅಧ್ಯಾಯಕ್ಕೊಂದು ದೃಶ್ಯ ಸರಿಯಾಗಿ ಕೂರುತ್ತದೆ. ಮಾರ್ಕ ಮಳೆ ಇಳಿದ ಮೇಲೆ. ಪ್ರತಿ ವಾರ ಹಿಂದಿನದನ್ನು ಎರಡೇ ವಾಕ್ಯದಲ್ಲಿ ಹೇಳಿ; ಹತ್ತು ನಿಮಿಷ ಎಳೆದರೆ ತಪ್ಪದೆ ಬಂದವರಿಗೆ ಬೇಸರ.

ಉತ್ತರ (ತೀರ್ಥಹಳ್ಳಿ): ನಡುವೆ ಬಿಡುವು ಬೇಕಾದರೆ 8:30ಕ್ಕೆ ನಿಲ್ಲಿಸಿ. ಶಿಷ್ಯ ಪೇತ್ರ ಯೇಸುವಿಗೆ 'ನೀನು ಕ್ರಿಸ್ತನು' ಅಂದಾಗಿರುತ್ತದೆ, ಮುಂದೆ ಶಿಲುಬೆಯ ಮಾತು ಶುರು. ಇನ್ನು 16:9-20 ಅತಿ ಹಳೆಯ ಎರಡು ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ಅದನ್ನು ಸಭೆಗೆ ನೇರವಾಗಿ ಹೇಳಿಬಿಡಿ, ಮುಚ್ಚಿಡಬೇಡಿ.