ನಾಂದಿಯ ಆಹ್ವಾನದಲ್ಲಿ ಅಮ್ಮನ ಹೆಸರು: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆಗೆ ಮೂರು ದಿನ ಮೊದಲು ಮನೆಯಲ್ಲಿ ನಾಂದಿಯಿದ್ದು, ಅದಕ್ಕೆಂದೇ ಬೇರೆ ಆಹ್ವಾನ ಪತ್ರಿಕೆ ಮಾಡಿಸುತ್ತಿದ್ದೇವೆ. ತಂದೆಯವರು ತೀರಿಹೋಗಿರುವುದರಿಂದ ನಾಂದಿಗೂ ಧಾರೆಗೂ ದೊಡ್ಡಪ್ಪ, ದೊಡ್ಡಮ್ಮ ಕೂರುತ್ತಾರೆ. ಆದರೆ ಆಹ್ವಾನಿಸುವವರ ಜಾಗದಲ್ಲಿ ಅಮ್ಮನ ಹೆಸರೇ ಮೊದಲು ಬರಬೇಕೆಂಬುದು ನನ್ನ ಮತ್ತು ತಂಗಿಯ ಆಸೆ. ಶುಭಪತ್ರಿಕೆಯಲ್ಲಿ ಅದು ಸಲ್ಲದೆಂದು ಕೆಲವು ಹಿರಿಯರು ಹೇಳುತ್ತಿದ್ದಾರೆ. ನಾಂದಿಯಲ್ಲಿ ಪಿತೃಗಳನ್ನೇ ಸ್ಮರಿಸಿ ಆಶೀರ್ವಾದ ಬೇಡುವಾಗ ಅಮ್ಮನ ಹೆಸರು ಹೇಗೆ ಅಶುಭವಾದೀತೆಂದು ನನಗೆ ತಿಳಿಯುತ್ತಿಲ್ಲ. ಪುರೋಹಿತರನ್ನು ಕೇಳಿದರೆ ‘ನಿಮ್ಮ ಮನೆಯ ಪದ್ಧತಿಯಂತೆ ಮಾಡಿ’ ಎಂದರು. ಹಳೆಯ ಪತ್ರಿಕೆಗಳನ್ನೆಲ್ಲ ತೆಗೆದು ನೋಡಿದರೂ ಇಂಥ ಒಕ್ಕಣೆ ಸಿಗಲಿಲ್ಲ. ಕುಲದೇವರ ಮುಂದಿಡುವ ಮೊದಲ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಲು ಅಮ್ಮ ಈಗಲೇ ಬಟ್ಟಲು ತೊಳೆದಿಟ್ಟಿದ್ದಾರೆ. ಅಮ್ಮನ ಹೆಸರನ್ನು ಮೊದಲಿಟ್ಟು, ನಾಂದಿಗೆ ಕೂರುವ ದೊಡ್ಡಪ್ಪ, ದೊಡ್ಡಮ್ಮನವರ ಗೌರವಕ್ಕೂ ಕುಂದಾಗದಂತೆ, ತಂದೆಯವರ ಸ್ಮರಣೆಯೂ ಬರುವಂತೆ ಒಕ್ಕಣೆಯನ್ನು ಹೇಗೆ ಬರೆಯಬೇಕು? ನಿಮ್ಮ ಮನೆಯಲ್ಲಿ ಹೀಗೆ ಬರೆಸಿದ್ದರೆ ಆ ಸಾಲುಗಳನ್ನು ದಯವಿಟ್ಟು ತಿಳಿಸುವಿರಾ?