ಅಂಗಳದಲ್ಲಿ ಕಾಡು ಈರುಳ್ಳಿ ಬೆಳೆಸಬಹುದಾ? ಬೆಳೆಸಿದವರು ಹೇಳಿ

ಕೇಳಿದ್ದು, ದಾವಣಗೆರೆಯಿಂದ: ಅಮ್ಮ ನಮ್ಮ ತವರಿನ ಹೊಲದ ಬದುವಿನಿಂದ ಕಾಡು ಈರುಳ್ಳಿ ಗೆಡ್ಡೆ ತಂದುಕೊಟ್ಟಿದ್ದಾರೆ. ಹೂವು ನೋಡುವ ಆಸೆ. ಆದರೆ ವಿಷ ಅಂತಾರೆ, ಮನೆಯಲ್ಲಿ ಚಿಕ್ಕ ಮಗು ಇದೆ. ಏನು ಮಾಡಲಿ?

ಹಿರಿಯೂರು ಕಡೆಯಿಂದ: ಬೆಳೆಸಿ ಅಕ್ಕ, ಚೆನ್ನಾಗಿ ಬರುತ್ತದೆ. ಇದು ನಮ್ಮ ಬಯಲುಸೀಮೆಯದೇ ಗಿಡ. ಆದರೆ ಇದರ ಕ್ರಮವೇ ಬೇರೆ. ಮುಂಗಾರು ಬಿದ್ದ ಮೇಲೆ ಎಲೆ ಬರುತ್ತವೆ, ಮಳೆಗಾಲ ಮುಗಿದ ಮೇಲೆ ಒಣಗುತ್ತವೆ. ಸತ್ತೇಹೋಯಿತು ಅಂತ ಕೀಳಬೇಡಿ, ಪಾಪ ಅಂತ ನೀರೂ ಹಾಕಬೇಡಿ. ಯುಗಾದಿ ಆಸುಪಾಸಿನಲ್ಲಿ, ನೆಲ ಕಾದು ಕೂತಿರುವಾಗ, ಒಂದೂ ಎಲೆಯಿಲ್ಲದೆ ಬರೀ ಹೂದಂಟು ಮೇಲೇಳುತ್ತದೆ. ಅದರಲ್ಲಿ ದೂರದೂರಕ್ಕೆ ಪುಟ್ಟ ಗಂಟೆಗಳ ಹಾಗೆ ಹೂವು ತೂಗುತ್ತವೆ. ಮಾಸಲು ಬಿಳಿ, ಸ್ವಲ್ಪ ಹಸಿರು, ಸ್ವಲ್ಪ ಕಂದು. ಸಂಜೆ ಮೇಲೆ ಅರಳಿ ಬೆಳಿಗ್ಗೆ ಹೊತ್ತಿಗೆ ಬಾಡುತ್ತವೆ. ಹಗಲು ಮಾತ್ರ ನೋಡಿದವರು ಇದರಲ್ಲೇನಿದೆ ಅಂತಾರೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿ.

ನಿಮ್ಮ ಕಡೆ ಎರೆ ಮಣ್ಣು ಜಾಸ್ತಿ ಅಲ್ವಾ? ಅದರಲ್ಲಿ ನೀರು ನಿಂತು ಗೆಡ್ಡೆ ಕೊಳೆಯುತ್ತದೆ. ಕುಂಡಕ್ಕೆ ಕೆಂಪು ಮಣ್ಣು, ಮರಳು, ಸಣ್ಣ ಕಲ್ಲು ಹಾಕಿ. ಗೆಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣಲಿ. ಪೂರ್ತಿ ಬಿಸಿಲು ಬೇಕು.

ಚಳ್ಳಕೆರೆಯಿಂದ: ಕುಂಡ ಸರಿ, ಆದರೆ ಗೆಡ್ಡೆ ಎಲ್ಲಿ ಇಡುತ್ತೀರಿ ಅನ್ನೋದು ಮುಖ್ಯ. ನಾವು ಈರುಳ್ಳಿ ಬೆಳೆಯುವವರು, ಮನೆ ತುಂಬ ಈರುಳ್ಳಿ ಇರುತ್ತದೆ. ಇದು ನೋಡೋಕೆ ಥೇಟ್ ಬಿಳಿ ಈರುಳ್ಳಿ. ಕಿತ್ತ ಗೆಡ್ಡೆಯನ್ನು ಅಡುಗೆಮನೆಗೆ, ಈರುಳ್ಳಿ ಬುಟ್ಟಿಯ ಹತ್ತಿರಕ್ಕೆ ತರಲೇಬೇಡಿ. ಕೊಯ್ದರೆ ಈರುಳ್ಳಿ ವಾಸನೆ ಬರಲ್ಲ, ಲೋಳೆ ಬರುತ್ತದೆ. ಎಲೆಯೂ ಚಪ್ಪಟೆ, ನಮ್ಮ ಈರುಳ್ಳಿಯದು ಕೊಳವೆ. ರಸ ತಾಗಿದರೆ ಕೈ ತುರಿಸುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಮಗುವಿಗೆ ಎಟುಕದ ಹಾಗೆ ತಾರಸಿಯಲ್ಲಿಟ್ಟು ಬಾಗಿಲು ಹಾಕಿ. ಅದಾಗದಿದ್ದರೆ ಮಗು ದೊಡ್ಡದಾಗುವವರೆಗೆ ಗೆಡ್ಡೆ ತವರಲ್ಲೇ ಇರಲಿ. ನನ್ನ ಖಂಡಿತವಾದ ಅಭಿಪ್ರಾಯ ಇದು.

ಚಿತ್ರದುರ್ಗದಿಂದ: ವಿಷದ ಬಗ್ಗೆ ಇನ್ನೊಂದು ಮಾತು. ಇದು ನೇರ ಹೃದಯದ ಮೇಲೆ ಕೆಲಸ ಮಾಡುತ್ತದೆ. ಮೊದಲು ವಾಂತಿ, ಭೇದಿ. ಆಮೇಲೆ ನಾಡಿ ನಿಧಾನವಾಗಿ ಹೃದಯದ ಬಡಿತ ತಪ್ಪುತ್ತದೆ. ಮೆಡಿಟರೇನಿಯನ್ ಸೀಮೆಯ ಇದರ ಬಳಗದ ಗೆಡ್ಡೆಯಿಂದ ಇಲಿ ಪಾಷಾಣವನ್ನೇ ಮಾಡುತ್ತಿದ್ದರು. ಕೆಮ್ಮು, ಕಫಕ್ಕೆ ಒಳ್ಳೆಯದು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಔಷಧಿಯಲ್ಲಿ ಬಳಸಿದ್ದು ನಿಜ. ಆದರೆ ಔಷಧಿಯ ಅಳತೆಗೂ ವಿಷದ ಅಳತೆಗೂ ಅಂತರ ತೀರಾ ಕಡಿಮೆ. ಮನೆಯಲ್ಲಿ ತೇಯುವುದು, ಕುದಿಸುವುದು ಬೇಡವೇ ಬೇಡ. ಯಾರಾದರೂ ತಿಂದರೆ ಕಾಯದೆ ಆಸ್ಪತ್ರೆಗೆ ಓಡಿ, ಉಳಿದ ಗೆಡ್ಡೆಯನ್ನೂ ಡಾಕ್ಟರಿಗೆ ತೋರಿಸಲು ಒಯ್ಯಿರಿ.

ಹೊಳಲ್ಕೆರೆಯಿಂದ: ಇದನ್ನು ಓದಿ ಆಸೆಪಟ್ಟವರು ಜೋಗಿಮಟ್ಟಿ ಕಾಡಿನಿಂದ ಕೀಳಲು ಹೋಗಬೇಡಿ, ಅದು ಅಪರಾಧ. ಬೆಳೆಸಿದವರ ಹತ್ತಿರ ಬೀಜ ಕೇಳಿ. ಕಪ್ಪಗೆ, ತೆಳ್ಳಗೆ ಇರುತ್ತವೆ. ಹೊಸದಿರುವಾಗಲೇ ಬಿತ್ತಿ. ಹೂವಿಗೆ ಕೆಲವು ವರ್ಷ ಕಾಯಬೇಕು, ಗೆಡ್ಡೆ ದಪ್ಪವಾಗದೆ ಹೂದಂಟು ಬರಲ್ಲ.