ರೈಫಲ್‌ಗೆ ಲೇಸರ್ ಸೈಟ್ ಬೇಕೋ ಬ್ಯಾಡೋ: ಕೋಚ್ ದೇಸಾಯಿ ಸರ ಜೋಡಿ ಪ್ರಶ್ನೋತ್ತರ (ಪುಣೆ–ಮುಂಬೈ ಕನ್ನಡಿಗರ ಶೂಟಿಂಗ್ ಗ್ರೂಪ್)

ಬಸವರಾಜ, ಹಡಪಸರ: ಸರ, ಮಗಳು ಬಾಲೇವಾಡಿ ಕ್ರೀಡಾ ಸಂಕುಲದೊಳಗ 10 ಮೀಟರ್ ಏರ್ ರೈಫಲ್ ಕಲೀಲಿಕತ್ತಾಳ. ಗುರಿ ಮ್ಯಾಲ ಬೆಳಕಿನ ಚುಕ್ಕಿ ಬಿಡೂ ಲೇಸರ್ ಹಚ್ಚಿದ್ರ ಗುರಿ ಲಗೂನ ಕೂಡ್ತದೇನ್ರಿ?

ದೇಸಾಯಿ ಸರ: ಕೂಡೂದಿಲ್ಲ. ಆ ಟಾರ್ಗೆಟ್‌ನ್ಯಾಗ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್, ಎಂಟು ಅಂಕದ ಉಂಗುರ 10.5 ಮಿಲಿಮೀಟರ್. ಸಾದಾ ಲೇಸರ್ ಅಲ್ಲಿಗೆ ಮುಟ್ಟೂದ್ರಾಗ ಸುಮಾರು ಒಂದು ಸೆಂಟಿಮೀಟರ್ ಹರಡಿರ್ತದ. ಎಂಟು, ಒಂಬತ್ತು, ಹತ್ತು ಎಲ್ಲಾ ಅದರ ಕೆಳಗ ಮುಚ್ಚಿಹೋಗ್ತಾವ. ಸಣ್ಣ ತೂತಿನಾಗ ಹಣಿಕಿ ಗುರಿ ನೋಡೂ ಪೀಪ್ ಸೈಟೇ ಕಲೀಲಿ.

ವಿನಯಾ, ಕೋಥ್ರೂಡ್: ಸ್ಪರ್ಧೆಯಲ್ಲಿ ಲೇಸರ್ ಬಿಡ್ತಾರಾ ಸರ್?

ದೇಸಾಯಿ ಸರ: ಇಲ್ಲ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಾಗ ಬರೂದಿಲ್ಲ.

ಪ್ರಕಾಶ, ಪಿಂಪ್ರಿ: ಸ್ಪ್ರಿಂಗ್ ಗನ್‌ಗೆ ಲೇಸರ್ ಹಚ್ಚೀನ್ರಿ. 10 ಮೀಟರ್‌ಗೆ ಬರೋಬ್ಬರಿ ಬೀಳ್ತದ, 20ಕ್ಕ ಕೆಳಗ. ಲೇಸರ್ ಕೆಟ್ಟದೇನು?

ದೇಸಾಯಿ ಸರ: ಕೆಟ್ಟಿಲ್ಲ. ಬೆಳಕು ನೆಟ್ಟಗ ಹೋಗ್ತದ, ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಬಾಗ್ತದ. ಸೆಕೆಂಡಿಗೆ 170 ಮೀಟರ್ ಓಡೋ ಪೆಲೆಟ್ 10 ಮೀಟರ್‌ನಾಗ ಸುಮಾರು 1.8 ಸೆಂ.ಮೀ. ಇಳೀತದ, 20ರಾಗ ಅದರ ನಾಕು ಪಟ್ಟು. ಲೇಸರ್ ಬ್ಯಾರಲ್‌ಗಿಂತ 4 ಸೆಂ.ಮೀ. ಕೆಳಗಿದ್ದು 10ಕ್ಕ ಕೂಡಿಸಿದ್ರ, 20ಕ್ಕ ಚುಕ್ಕಿಗಿಂತ ಏಳೆಂಟು ಸೆಂ.ಮೀ. ಕೆಳಗ, 5ಕ್ಕ ಎರಡೂವರೆ ಸೆಂ.ಮೀ. ಮ್ಯಾಲ ಬೀಳ್ತದ. ಸ್ಪ್ರಿಂಗ್ ಗನ್ ಹಿಂದಕ್ಕೂ ಮುಂದಕ್ಕೂ ಒದೀತದ, ಲೇಸರ್ ಹಿಡಿದಿರೂ ಮೌಂಟಿನ ಸ್ಕ್ರೂ ಸಡಲ್ತಾವ. ಜಿಡ್ಡು ಒರಸಿ ಸ್ಕ್ರೂ ಸಡಲದಂಗ ಹಿಡಿಯೂ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ ಹಾಕಿ ಬಿಗೀರಿ, 20 ಪೆಲೆಟ್ ಆದಮ್ಯಾಲ ಮತ್ತ ನೋಡ್ರಿ.

ಶೈಲಜಾ, ಡೊಂಬಿವಲಿ: ಸರ್, ದೊಡ್ಡ ಮಗ ಆನ್‌ಲೈನ್‌ನಲ್ಲಿ ಹಸಿರು ಲೇಸರ್ ತರಿಸಿ ರೈಫಲ್‌ಗೆ ಕಟ್ಟಿ ಮನೆಯಲ್ಲೇ ಅಭ್ಯಾಸ ಮಾಡ್ತಾನೆ. ನಿನ್ನೆ ತಮ್ಮನ ಕಣ್ಣಿಗೆ ಬಿತ್ತು. ನೋವಿಲ್ಲ, ಆದರೆ ಓದುವಾಗ ನಡುವೆ ಕಪ್ಪು ಚುಕ್ಕೆ ಕಾಣುತ್ತೆ ಅಂತಾನೆ.

ದೇಸಾಯಿ ಸರ: ಅಕ್ಕಾರ, ಇವತ್ತೇ ರೆಟಿನಾ (ಕಣ್ಣಿನ ಹಿಂದಿನ ಪರದೆ) ಡಾಕ್ಟರ್ ಕಡೆ ಹೋಗ್ರಿ. ನೋವಿಲ್ಲಂತ ಧೈರ್ಯಾ ತಗೋಬ್ಯಾಡ್ರಿ, ರೆಟಿನಾ ಸುಟ್ಟರೂ ನೋಯೂದಿಲ್ಲ. ರೆಟಿನಾದ ಪದರು ತೋರಸೂ ಓಸಿಟಿ ಸ್ಕ್ಯಾನ್ ಬಗ್ಗೆ ಕೇಳ್ರಿ, ಆ ಲೇಸರ್ರೂ ಒಯ್ದು ತೋರಸ್ರಿ. 1 ಮಿಲಿವ್ಯಾಟ್ ಒಳಗಿನ ಕ್ಲಾಸ್ 2 ಆದ್ರ ಕಾಲು ಸೆಕೆಂಡಿನಾಗ ರೆಪ್ಪಿ ಮುಚ್ಚಿ ಕಣ್ಣು ಉಳೀತದ. ಅಗ್ಗದ ಲೇಸರ್ ಮ್ಯಾಲ 5 ಮಿಲಿವ್ಯಾಟ್ ಅಂತ ಬರೆದಿದ್ರೂ ಒಳಗ ಹೆಚ್ಚಿಗಿರಬಹುದು. ಹಸಿರು 532 ನ್ಯಾನೋಮೀಟರ್ ಬೆಳಕು ತಯಾರಾಗೂದು 1064ರ ಇನ್ಫ್ರಾರೆಡ್‌ನಿಂದ. ಅದನ್ನ ತಡಿಯೂ ಫಿಲ್ಟರ್ ಇಲ್ಲಂದ್ರ ಅದೂ ಹೊರಗ ಬರ್ತದ, ಕಾಣಲಾರದ ಬೆಳಕಿಗೆ ರೆಪ್ಪಿ ಮುಚ್ಚೂದಿಲ್ಲ. ಕನ್ನಡಿ, ಟಿವಿ ಗಾಜು, ನುಣುಪು ಟೈಲ್ಸಿಗೆ ಬಡದು ವಾಪಸ್ ಬಂದದ್ದೂ ಅಪಾಯ. ಬ್ಯಾಟರಿ ಈಗಲೇ ತಗೀರಿ.

ಗುರುರಾಜ, ಠಾಣೆ: ಫಾರ್ವರ್ಡ್ ಬಂದಿತ್ತು, ಹಾಕ್ತಿದ್ದೇನೆ: ಲೇಸರ್ ತಾಗಿದ ಕಣ್ಣಿಗೆ ಗುಲಾಬಿ ನೀರು, ಹರಳೆಣ್ಣೆ ಎರಡೆರಡು ಹನಿ, ಮೂರು ದಿನ.

ದೇಸಾಯಿ ಸರ: ಏನೂ ಹಾಕಬ್ಯಾಡ್ರಿ. ಪೆಟ್ಟು ಬಿದ್ದದ್ದು ಕಣ್ಣಿನ ಹಿಂದಿನ ಪರದೆಗೆ, ಮ್ಯಾಲಿನ ಎಣ್ಣಿ ಅಲ್ಲಿಗೆ ಹೋಗೂದಿಲ್ಲ. ಸೋಂಕು ಬರಬಹುದು, ಮೂರು ದಿನ ಹಾಳಾಗ್ತದ. ಅಳಸ್ರಿ ಅದನ್ನ.

ಗುರುರಾಜ: ಒಳ್ಳೇದಕ್ಕೇ ಹಾಕಿದ್ದು ಸರ್.

ದೇಸಾಯಿ ಸರ: ಅಳಸ್ರಿ.

ಸುಧಾಕರ, ಮುಲುಂಡ್: ಲೇಸರ್ ಪ್ರಯೋಜನ ಇಲ್ಲ ಅಂದ್ರೆ ಕಮಾಂಡೋಗಳು ಯಾಕೆ ಹಾಕ್ತಾರೆ ಮಾರಾಯ್ರೆ?

ಪ್ರಕಾಶ: ಸಿನಿಮಾದಾಗ ಹಾಕ್ತಾರ್ರಿ.

ಸುಧಾಕರ: ನೀವು ಹಚ್ಚಿದ್ದೂ ಅದನ್ನೇ ಅಲ್ವಾ? ಪೆಲೆಟ್ ಬಾಗೋದು ಇವತ್ತು ಗೊತ್ತಾದವರು ನನಗೆ ಪಾಠ ಹೇಳ್ಬೇಡಿ.

ಪ್ರಕಾಶ: ನಾ ಕೇಳಿ ಕಲೀತೀನಿ. ನಿಮಗ ಅದೂ ಇಲ್ಲ.

ದೇಸಾಯಿ ಸರ: ಇಬ್ಬರೂ ನಿಲ್ಲಸ್ರಿ. ಕಮಾಂಡೋಗಳದು ಹೆಚ್ಚಾಗಿ ಇನ್ಫ್ರಾರೆಡ್ ಲೇಸರ್. ಕತ್ತಲಾಗ ಕಾಣೂ ನೈಟ್ ವಿಷನ್ ಕಣ್ಣಿಗಿದ್ದಾಗ ಸೈಟ್ ಹಿಂದ ಕಣ್ಣು ತರಲಿಕ್ಕೆ ಆಗೂದಿಲ್ಲ, ಅದಕ್ಕ ಬೇಕು. ಹಗಲಿನ ರೇಂಜ್‌ನಾಗ ಅದರ ಕೆಲಸಿಲ್ಲ.

ನಾಗೇಶ, ಮಡಗಾಂವ: ಪುಣೆಯಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತೆ? ರೇಟ್ ಎಷ್ಟು?

ಮಂಜುಳಾ, ಔಂಧ್: ಸ್ಪರ್ಧೆಗೆ ನಡೆಯುತ್ತಾ ಸರ್?

ದೇಸಾಯಿ ಸರ: ಮ್ಯಾಲ ಓದ್ರಿ.

ಇಕ್ಬಾಲ್, ವಾಸ್ಕೋ: .22 ರೈಫಲ್‌ಗೆ ಹೊಸ ಸ್ಕೋಪ್ (ಗುರಿ ನೋಡೋ ದುರ್ಬೀನು) ಹಾಕಿದೀನಿ. ಕೂಡಿಸೋಕೆ ಲೇಸರ್ ಬೋರ್‌ಸೈಟರ್ (ಬ್ಯಾರಲ್ ನೋಡೋ ದಿಕ್ಕಿಗೆ ಚುಕ್ಕಿ ಬಿಡೋ ಸಾಧನ) ಸಾಕಾ?

ದೇಸಾಯಿ ಸರ: ಇದು ಲೇಸರ್‌ನ ಖರೇ ಕೆಲಸ. ಮೊದಲ ಗುಂಡು ಕಾಗದದ ಮ್ಯಾಲ ಬೀಳೂವಷ್ಟಕ್ಕ ಸಾಕು, ಮುಂದಿನದು ಗುಂಡು ಹೊಡದೇ ಕೂಡಿಸಬೇಕು. ಹಚ್ಚಿದಮ್ಯಾಲ ಅದನ್ನ ಅದರ ಜಾಗಾದಾಗೇ ತಿರುವಿ ನೋಡ್ರಿ. ಚುಕ್ಕಿ ಗೋಡಿ ಮ್ಯಾಲ ಸುತ್ತು ಹೊಡದ್ರ ಬೋರ್‌ಸೈಟರೇ ಸೊಟ್ಟದ, ಆ ಸುತ್ತಿನ ನಡುವಿನ ಜಾಗಾ ಹಿಡೀರಿ. ಬ್ಯಾರಲ್ ಬಾಯಾಗ ಸಿಗಿಸೂದಿದ್ರ ಅದನ್ನ ತಗದು, ಬೋಲ್ಟ್ (ಬ್ಯಾರಲ್ ಹಿಂದಿನ ಬಾಯಿ ಮುಚ್ಚೂ ತುಂಡು) ತಗದು, ಬ್ಯಾರಲ್ ಒಳಗ ಬೆಳಕು ಬಿಟ್ಟು ನೋಡಿದ ಮ್ಯಾಲೇ ಗುಂಡು ತುಂಬ್ರಿ. ಮರತು ಹೊಡದ್ರ ಬ್ಯಾರಲ್ ಸೀಳಬಹುದು.

ನಾಗೇಶ: ಅಂಗಡಿ ಕೇಳಿದ್ದೆ, ಯಾರೂ ಹೇಳಲಿಲ್ಲ.